ಬೀರಪ್ಪನ ಹೆಗಲ ಹೂವು

ಬೇವಿನಹಟ್ಟಿಯ ಪೂಜಾರಿ ಸಣ್ಣಯ್ಯನಿಗೆ ಅರವತ್ತಾರು ವರ್ಷ. ಅದರಲ್ಲಿ ನಲವತ್ತೊಂದು ವರ್ಷವನ್ನು ಅವನು ಬೀರಪ್ಪನ ಗುಡಿಯೊಳಗೆ ಬೆನ್ನು ಬಗ್ಗಿಸಿಕೊಂಡೇ ಕಳೆದಿದ್ದ. ಗುಡಿ ಎಂದರೆ ದೊಡ್ಡದೇನಲ್ಲ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದು. ಬಾಗಿಲಲ್ಲಿ ತಲೆ ತಗ್ಗಿಸದೆ ನುಗ್ಗಿದವನ ಹಣೆ ಒಡೆಯುತ್ತಿತ್ತು, ಅವನು ತಾಸಿಲ್ದಾರನೇ ಆಗಿರಲಿ. ಒಳಗೆ ಮೊಣಕಾಲೆತ್ತರದ ಒಂದು ಕರಿಕಲ್ಲು. ಕಣ್ಣಿಲ್ಲ, ಮೂಗಿಲ್ಲ, ಎರಡು ಕಡೆ ಹೆಗಲಿನಂತೆ ಉಬ್ಬು ಮಾತ್ರ. ಕುರಿ ಕಾಯುವ ಜನಕ್ಕೆ ಅಷ್ಟು ಸಾಕಿತ್ತು. ಗುಡಿ ಎಷ್ಟು ಹಳೆಯದು ಎಂದು ಕೇಳಿದರೆ, ನಮ್ಮಜ್ಜನ ಅಜ್ಜ ಕಾವೇರಿ ದಾಟಿ ಕುರಿ ಹೊಡೆದುಕೊಂಡು ಬಂದಾಗಲೇ ಇತ್ತಂತೆ ಎನ್ನುತ್ತಿದ್ದರು.

ಬೀರಪ್ಪ ಮೈಮೇಲೆ ಬಂದು ಮಾತಾಡುವ ದೇವರಲ್ಲ, ಹೂವಿನಿಂದ ಹೇಳುವವನು. ಕೇಳಲು ಬಂದವರು ಹೊಸ್ತಿಲಾಚೆ ಕೂತು ತಮ್ಮ ಮಾತನ್ನು ಇಡಬೇಕು. ಹುಡುಗಿಯನ್ನು ಇಂಥ ಮನೆಗೆ ಕೊಡಬಹುದೋ ಬೇಡವೋ, ಅಣ್ಣತಮ್ಮಂದಿರು ಬೇರೆಯಾಗಬಹುದೋ ಬೇಡವೋ, ಈ ವರ್ಷ ಮಂದೆಯನ್ನು ಬಡಗಣ ಕಾಡಿಗೆ ಹೊಡೆಯಬಹುದೋ ಬೇಡವೋ. ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ, ಕಲ್ಲಿನ ಎರಡು ಹೆಗಲಿಗೆ ಒಂದೊಂದು ಅಂಟಿಸಿ ಕೈ ತೆಗೆಯುತ್ತಾನೆ. ನೀರು ಆರುತ್ತ ಬಂದಂತೆ ಎರಡರಲ್ಲಿ ಒಂದು ಮೊದಲು ಕಳಚಿ ಬೀಳುತ್ತದೆ. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಅದರ ಮೇಲೆ ಅಪೀಲಿಲ್ಲ.

ಈ ಹೂವು ಎಷ್ಟು ದೇವರದು, ಎಷ್ಟು ಪೂಜಾರಿಯದು ಎಂಬುದು ಸಣ್ಣಯ್ಯನಿಗೂ ಸತ್ತುಹೋದ ಅವನ ಅಪ್ಪನಿಗೂ ಮಾತ್ರ ಗೊತ್ತಿದ್ದ ಸಂಗತಿ. ಯಾವ ಹೂವು ಬೀಳಬಾರದೋ ಅದರ ಬೆನ್ನಿಗೆ ಹೆಬ್ಬೆರಳಿನ ಗಂಧವನ್ನು ಒಂದಿಷ್ಟು ಒರೆಸಿದರೆ ಸಾಕು, ಹೊತ್ತು ಇಳಿಯುವ ತನಕ ಅದು ಅಲುಗುವುದಿಲ್ಲ. ಅಪ್ಪ ಇದನ್ನು ಮೋಸವೆಂದು ಕಲಿಸಿರಲಿಲ್ಲ. “ದೇವ್ರಿಗೆ ಕೈ ಇಲ್ಲ ಕಣ್ಲಾ. ಪೂಜಾರಿ ಕೈಯೇ ಅವನ ಕೈ. ಯೋಚ್ನೆ ಮಾಡಿ ಅಂಟ್ಸು” ಎಂದಿದ್ದ ಅಷ್ಟೇ.

ಸಣ್ಣಯ್ಯ ಯೋಚನೆ ಮಾಡಿಯೇ ಅಂಟಿಸುತ್ತಿದ್ದ. ಯಾರ ಮನೆಯಲ್ಲಾದರೂ ಹೆಣ್ಣಿನ ಮಾತು ಎದ್ದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಕಂಬಳಿ ಮಾರುವ ನೆವದಲ್ಲಿ ಗಂಡಿನ ಊರಿಗೆ ಹೋಗಿ, ಹುಡುಗ ಕುಡಿಯುತ್ತಾನೋ, ಅತ್ತೆ ಎಂಥವಳೋ ಎಂದು ನಾಲ್ಕು ಜಗಲಿಯಲ್ಲಿ ವಿಚಾರಿಸಿಕೊಂಡು ಬರುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹಟ್ಟಿಯ ಹೆಂಗಸರು ಅವನೆದುರಿಗೇ ಗಾದೆ ಹೇಳಿ ನಗುತ್ತಿದ್ದರು; ಅವನೂ ಜೊತೆಗೆ ನಗುತ್ತಿದ್ದ. ಜನ ತಮ್ಮ ತಲೆಭಾರವನ್ನು ತಂದು ಹೊಸ್ತಿಲಲ್ಲಿ ಇಳಿಸಿ ಹಗುರಾಗಿ ಮನೆಗೆ ಹೋಗುತ್ತಿದ್ದರು. ಇಳಿಸಿದ್ದನ್ನೆಲ್ಲ ಹೊತ್ತವನು ಇವನು. ನಲವತ್ತೊಂದು ವರ್ಷ ಊರ ಉಸಾಬರಿ ಹೊತ್ತವನಿಗೆ ಮೊಣಕಾಲಿಗಿಂತ ಮೊದಲು ಮನಸ್ಸು ಸವೆದಿತ್ತು.

ಅಷ್ಟರಲ್ಲಿ ಮೆಟ್ಟೂರಿನ ಅಣೆಕಟ್ಟು ಎದ್ದಿತು. ಸರ್ವೆಯವರು ಬಂದು ಗುಡಿಯ ಮುಂದಿನ ಬೇವಿನ ಮರಕ್ಕೆ ಏಣಿ ಹಾಕಿ, ಎರಡಾಳೆತ್ತರದಲ್ಲಿ ಸುಣ್ಣದ ಗೆರೆ ಎಳೆದು, ನೀರು ಇಲ್ಲಿಯ ತನಕ ಬರುತ್ತದೆ ಎಂದು ಹೇಳಿ ಹೋದರು. ಹಟ್ಟಿಯವರು ಒಬ್ಬೊಬ್ಬರಾಗಿ ತೊಲೆ, ಬಾಗಿಲು, ಹೆಂಚು ಕಿತ್ತುಕೊಂಡು ಗುಡ್ಡದ ಬುಡಕ್ಕೆ ಹೋಗಿ ಹೊಸ ಹಟ್ಟಿ ಕಟ್ಟಿಕೊಂಡರು. ಉಳಿದವನು ಬೀರಪ್ಪ. ಅವನಿಗೆ ದೀಪ ಹಚ್ಚಲು ಸಣ್ಣಯ್ಯ ದಿನಾ ಎರಡು ಹರದಾರಿ ಇಳಿದು ಎರಡು ಹರದಾರಿ ಹತ್ತುತ್ತಿದ್ದ. ದೇವರನ್ನು ಎಬ್ಬಿಸಿ ಮೇಲಕ್ಕೆ ಒಯ್ಯಬಹುದೇ ಎಂದು ಹಟ್ಟಿಯ ಎಜಮಾನ ನಾರಪ್ಪ ಬಂದು ಹೂವು ಕೇಳಿದ. “ಎನ್ನ ಪಣ್ರದು ಪೂಜಾರಿ, ಸರ್ಕಾರ್ ಆರ್ಡರ್” ಎಂದು, ಏನು ಮಾಡೋದು ಎಂಬಂತೆ, ಅರ್ಧ ತಮಿಳಿನಲ್ಲಿ ಉಸಿರುಬಿಟ್ಟ. ಸಣ್ಣಯ್ಯ ಎಡಗಡೆಯ ಹೂವಿಗೆ ಗಂಧ ಒರೆಸಿದ, ಬಲಗಡೆಯದು ಬಿತ್ತು. ಇದೇ ಕೊನೆಯದು, ಇನ್ನು ನನ್ನಿಂದಾಗದು ಎಂದು ಅವತ್ತು ಮನಸ್ಸಿನಲ್ಲೇ ಅಂದುಕೊಂಡ.

ಕಲ್ಲನ್ನು ಎಬ್ಬಿಸಲು ಗೊತ್ತು ಮಾಡಿದ್ದ ದಿನ ಬೆಳಿಗ್ಗೆ ಅವನು ಒಬ್ಬನೇ ಬಂದು ಗುಡಿ ಗುಡಿಸುತ್ತಿದ್ದಾಗ, ಹೊಳೆಯ ಕಡೆಯ ದಾರಿಯಿಂದ ಹೆಂಗಸೊಬ್ಬಳು ತಲೆಯ ಮೇಲೆ ಗಂಟು ಹೊತ್ತು ಬರುವುದು ಕಾಣಿಸಿತು. ನಡಿಗೆಯಲ್ಲೇ ಗುರುತು ಸಿಕ್ಕಿತು. ಅವನ ಒಬ್ಬಳೇ ಮಗಳು ಅಂಜಮ್ಮ. ಕಂಬೈನಲ್ಲೂರಿನ ಕಡೆಗೆ ಕೊಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ತಾಯಿ ಪೊನ್ನಮ್ಮನ ತಿಥಿಗೆ ಬಂದು ಹೋದವಳು ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ.

“ಅಪ್ಪಾ, ನೀರೈತಾ?” ಎಂದಳು. ಮಡಕೆಯ ನೀರು ಕುಡಿದು, ಮುಖಕ್ಕೂ ಒಂದಿಷ್ಟು ಎರಚಿಕೊಂಡು ಬೇವಿನ ಬುಡದಲ್ಲಿ ಕುಸಿದು ಕೂತಳು.

“ಒಬ್ಳೇ ಬಂದ್ಯಾ ಮಗಾ?”

“ಒಬ್ಳೇಯ. ಮೊರಪ್ಪೂರ್ನಾಗೆ ರೈಲು ಅತ್ತಿ ಸೇಲಂಗೆ ಬಂದೆ. ಅಲ್ಲಿಂದ ತಾರಮಂಗಲದ ತನ್ಕ ನೂಲಿನ ಗಾಡಿ ಸಿಕ್ತು. ಆಮೇಲೆ ಕಾಲೇ ಗಾಡಿ.”

“ತಾರಮಂಗಲದ ದೇವಸ್ಥಾನ ನೋಡ್ದ್ಯಾ?”

“ನೋಡ್ದೆ. ಕಲ್ನಾಗೆ ಸರಪಣಿ ಮಾಡವ್ರೆ, ಒಂದೊಂದು ಕೊಂಡೀನೂ ಅಲ್ಲಾಡ್ತೈತೆ. ಜನ ಬಾಯಿ ಬಿಟ್ಕೊಂಡು ನೋಡ್ತಾ ನಿಂತವ್ರೆ. ನನ್ಗೆ ಅಲ್ಲಿ ಏನು ಕೇಳ್ಬೇಕು ಅಂತ ಬಾಯಿಗೆ ಬರ್ನಿಲ್ಲ. ಅದು ದೊಡ್ಡೋರ ದೇವ್ರು” ಎಂದಳು.

ಸಣ್ಣಯ್ಯ ಅವಳ ಪಾದ ನೋಡಿದ. ಹಿಮ್ಮಡಿ ಒಡೆದು ಸೀಳು ಸೀಳಾಗಿತ್ತು. ಅವಳಿಗೆ ಮೂವತ್ತೆಂಟು ವರ್ಷ. ನೋಡಿದರೆ ಪೊನ್ನಮ್ಮ ಸಾಯುವಾಗ ಇದ್ದಳಲ್ಲ, ಹಾಗೆ ಕಾಣುತ್ತಿದ್ದಳು. ಮದುವೆಯಾದ ಎಂಟು ವರ್ಷ ಮಕ್ಕಳಾಗಲಿಲ್ಲವೆಂದು ಗಂಡ ದಾಸಪ್ಪ ಚಿನ್ನಕ್ಕನೆಂಬವಳನ್ನು ತಂದುಕೊಂಡ. ಚಿನ್ನಕ್ಕ ನಾಲ್ಕು ಹೆತ್ತು ಒಲೆಯ ಮುಂದೆ ಕೂತಳು, ಅಂಜಮ್ಮ ಕೋಲು ಹಿಡಿದು ಮಂದೆಯ ಹಿಂದೆ ಹೋದಳು. ಸೊಸೆಯಾಗಿ ಹೋದವಳು ವರ್ಷದಲ್ಲಿ ಹತ್ತು ತಿಂಗಳು ಕುರಿಹಟ್ಟಿಯ ಆಳು. ಹೇಗಿದ್ದೀಯ ಎಂದು ಯಾರಾದರೂ ಕೇಳಿದರೆ ಅವಳದು ಒಂದೇ ಮಾತು, ಬೀರಪ್ಪ ಕೊಟ್ಟ ಹೂವು, ಬಾಳಬೇಕು. ಆ ಕಡೆಯಿಂದ ಬಂದವರು ಈ ಮಾತನ್ನು ಹೊಗಳಿಕೆಯಂತೆ ಸಣ್ಣಯ್ಯನಿಗೆ ಮುಟ್ಟಿಸುತ್ತಿದ್ದರು. ಪ್ರತಿ ಸಲವೂ ಅವನು ಅವತ್ತಿನ ಮುದ್ದೆಯನ್ನು ನಾಯಿಗೆ ಹಾಕುತ್ತಿದ್ದ.

ದಣಿವಾರಿಸಿಕೊಂಡು ಅವಳು ಎದ್ದು ಸುತ್ತೆಲ್ಲ ನೋಡಿಬರುತ್ತೇನೆ ಎಂದಳು. ಸಣ್ಣಯ್ಯನೂ ಕೋಲೂರಿಕೊಂಡು ಹಿಂದೆ ಹೋದ. ಗುಡಿಯ ಎಡಕ್ಕೆ ಮೂರು ವೀರಗಲ್ಲು. ಚಿರತೆಯಿಂದ ಮಂದೆ ಕಾಯಲು ಹೋಗಿ ಸತ್ತ ಮೂವರು ಅಣ್ಣತಮ್ಮಂದಿರದು. ಅದರಾಚೆ ಕುರಿಗಳು ಮೈ ಉಜ್ಜಿ ಉಜ್ಜಿ ನುಣುಪು ಮಾಡಿದ ಗುಂಡುಕಲ್ಲು. ಹೊಳೆಯ ಅಂಚಿನಲ್ಲಿ ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ತೊಳೆಯುತ್ತಿದ್ದ ಚಪ್ಪಟೆ ಬಂಡೆ. ಪೊನ್ನಮ್ಮ ಕಂಬಳಿಯ ನೂಲಿಗೆ ಹಾಕುವ ಗಂಜಿಗೆ ಹುಣಸೆಬೀಜ ಕುಟ್ಟುತ್ತಿದ್ದ ಒರಳು ಮನೆ ಇದ್ದ ಜಾಗದಲ್ಲಿ ಒಂಟಿಯಾಗಿ ಕೂತಿತ್ತು, ಗೋಡೆಗಳು ಇರಲಿಲ್ಲ. ಅಂಜಮ್ಮ ಪ್ರತಿಯೊಂದನ್ನೂ ಮುಟ್ಟಿದಳು.

“ಇದೂ ಮುಳುಗ್ತೈತಾ?”

“ಮುಳುಗ್ತೈತೆ.”

“ಆ ಹುಣಸೇ ಮರ?”

“ಅದೂನೂವೇ.”

ಹೊಳೆಯಾಚೆಯ ಗೋಪಿಕಲ್ಲು ಹಟ್ಟಿಯ ಕಡೆ ಅವಳು ಸ್ವಲ್ಪ ಹೊತ್ತು ನೋಡಿದಳು. ಅಲ್ಲಿಯ ಮನೆಗಳೂ ಖಾಲಿ. ಅಲ್ಲಿ ಒಂದು ಕಾಲದಲ್ಲಿ ಮುನುಸ್ವಾಮಿ ಎಂಬ ಹುಡುಗನಿದ್ದ. ಒಂಬತ್ತು ಕುರಿ, ಒಬ್ಬಳು ಮುದಿ ತಾಯಿ. ಅಂಜಮ್ಮನನ್ನು ಕೇಳಿಕೊಂಡು ಬಂದಿದ್ದರು. ಹತ್ತಿರದಲ್ಲೇ ಇರುತ್ತಾಳೆ, ಕೊಡೋಣ ಎಂದು ಪೊನ್ನಮ್ಮ ಅಂದಿದ್ದಳು. ಅದೇ ವಾರ ನಾರಪ್ಪನ ಹೆಂಡತಿಯ ಕಡೆಯವರು ದಾಸಪ್ಪನ ಮಾತು ತಂದರು. ಇನ್ನೂರು ಕುರಿ, ರಾಗಿ ಹೊಲ. ಎಜಮಾನನೇ ಹೊಸ್ತಿಲಲ್ಲಿ ಬಂದು ಕೂತಿದ್ದ. ಊರವರ ಹೆಣ್ಣುಮಕ್ಕಳಿಗಾಗಿ ನಾಲ್ಕೂರು ತಿರುಗಿ ವಿಚಾರಿಸುತ್ತಿದ್ದ ಸಣ್ಣಯ್ಯ, ತನ್ನ ಮಗಳಿಗಾಗಿ ಒಂದೂರಿಗೂ ಹೋಗಲಿಲ್ಲ. ಹೋದರೆ ಎಜಮಾನನ ಮಾತಿನ ಮೇಲೆ ನಂಬಿಕೆಯಿಲ್ಲ ಎಂದಾಗುತ್ತಿತ್ತು. ಅಲ್ಲದೆ ಆ ವರ್ಷ ಅವನು ಬಹಳ ದಣಿದಿದ್ದ. ಇದೊಂದು ಬೇಗ ಮುಗಿದರೆ ಸಾಕಾಗಿತ್ತು. ದಣಿದವನ ಕೈಯಲ್ಲಿ ಮಗಳ ಬಾಳು ಕೊಟ್ಟರೆ ಇನ್ನೇನಾಗುತ್ತದೆ.

ಗುಡಿಯ ಮುಂದೆ ವಾಪಸು ಬಂದ ಮೇಲೆ ಅಂಜಮ್ಮ ತಾನು ಬಂದ ಕಾರಣ ಹೇಳಿದಳು.

“ಅಪ್ಪಾ, ಬೀರಪ್ಪ ಇಲ್ಲಿಂದ ಏಳ್ತಾನೆ ಅಂತ ಕೇಳಿ ಓಡ್ಬಂದೆ. ಎದ್ದ ಮ್ಯಾಲೆ ಅವ್ನ ಮಾತು ಇಂಗೇ ಇರ್ತೈತೋ ಇಲ್ವೋ. ಇಲ್ಲಿ ಕೊಟ್ಟ ಊವನ್ನ ಇಲ್ಲೇ ಕೇಳ್ಬೇಕು. ನನ್ ಕೈಲಿ ಅಲ್ಲಿ ಆಗಾಕಿಲ್ಲ ಅಪ್ಪಾ, ಸಾಕಾಯ್ತು. ನಾನು ಇಲ್ಲೇ ನಿಂತ್ಕೋಬೋದಾ, ತಿರ್ಗಾ ಅಲ್ಲಿಗೇ ಓಗ್ಬೇಕಾ, ಕೇಳು. ಅವ್ನು ಏನಂದ್ರೂ ಸರಿ.”

ಇಪ್ಪತ್ತೆರಡು ವರ್ಷದಲ್ಲಿ ಮಗಳ ಬಾಯಿಂದ ಬಂದ ಮೊದಲ ದೂರು ಇದು. ಸಣ್ಣಯ್ಯ ಏನೂ ತೋಚದೆ ಕಣಗಿಲೆ ಗಿಡದ ಕಡೆ ಹೋದ. ಕೆಲಸ ಸುಲಭವಿತ್ತು. ಎಡಗಡೆಗೆ ಒಂದು ಬೊಟ್ಟು ಗಂಧ. ಮಗಳು ಮನೆಯಲ್ಲಿರುತ್ತಾಳೆ, ಮುದುಕನಿಗೆ ಬಿಸಿ ಅಂಬಲಿ ಕಾಸಿ ಕೊಡುತ್ತಾಳೆ. ಆ ಅಂಬಲಿ ಮನಸ್ಸಿಗೆ ಬಂದದ್ದೇ, ಅವತ್ತೂ ನನ್ನ ದಣಿವಿಗಾಗಿ ಕೊಟ್ಟೆ, ಇವತ್ತೂ ನನ್ನ ದಣಿವಿಗಾಗಿಯೇ ಇಟ್ಟುಕೊಳ್ಳುತ್ತೇನೆಯೇ ಎನ್ನಿಸಿ ತನ್ನ ಮೇಲೇ ಹೇಸಿಗೆಯಾಯಿತು. ಮಡಕೆಯ ನೀರು ಬಗ್ಗಿಸಿ ಹೆಬ್ಬೆರಳನ್ನು ಮಣ್ಣು ಹಚ್ಚಿ ಉಜ್ಜಿ ತೊಳೆದ. ನಲವತ್ತೊಂದು ವರ್ಷ ನಾನೇ ಹೇಳಿದ್ದಾಯಿತು, ಇವತ್ತು ನೀನೇ ಹೇಳಪ್ಪ ಎಂದುಕೊಂಡು ಬಗ್ಗಿ ಒಳಗೆ ಹೋದ.

ಎರಡು ಹೂವನ್ನೂ ಒಂದೇ ಸಮ ಅದ್ದಿ, ಒಂದೇ ಸಮ ಒತ್ತಿ ಕೈ ತೆಗೆದ. ಹೊರಗೆ ಅಂಜಮ್ಮ ಸೆರಗು ಹೊದ್ದು, ಕೈ ಮುಗಿದು ಕೂತಿದ್ದಳು. ಬಿಸಿಲು ಹೊಸ್ತಿಲು ದಾಟಿ ಒಳಗೆ ಒಂದು ಗೇಣು ಬಂತು. ಸಣ್ಣಯ್ಯನಿಗೆ ಇಂಥ ಕಾಯುವಿಕೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಯಾವುದು ಬೀಳುತ್ತದೆಂದು ತಿಳಿದುಕೊಂಡೇ ಕೂತವನು ಈಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡುತ್ತ ಕೂತ. ಇಷ್ಟು ಕಾಲ ಜನ ಹೀಗೆ ಕಾದಿದ್ದರಲ್ಲ ತನ್ನೆದುರಿಗೆ, ಪಾಪ, ಎಂದುಕೊಂಡ.

ಎಡಗಡೆಯ ಹೂವು ಒಂದು ಸಲ ತೂಗಿ ಕೆಳಗೆ ಬಿತ್ತು.

ಅಂಜಮ್ಮ ಅದನ್ನು ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈ ಚಾಚಿ ಅಪ್ಪನಿಂದ ಹೂವನ್ನು ಇಸಿದುಕೊಂಡು ಕಣ್ಣಿಗೊತ್ತಿ, ತುರುಬಿಗೆ ಸಿಕ್ಕಿಸಿಕೊಂಡಳು. ಆಮೇಲೆ ಗಂಟನ್ನು ಹತ್ತಿರಕ್ಕೆಳೆದು ಬಿಗಿಯಾಗಿ ಕಟ್ಟತೊಡಗಿದಳು.

“ಸರಿ. ಓಗು ಅಂದ. ಬೈಗಾಗೋ ಒತ್ಗೆ ತಾರಮಂಗಲ ಸೇರ್ಕೋತೀನಿ” ಎಂದಳು.

ಅವಳು ಅಳಲಿಲ್ಲ. ಅತ್ತಿದ್ದರೆ ಸಣ್ಣಯ್ಯ ತಡೆದುಕೊಳ್ಳುತ್ತಿದ್ದನೋ ಏನೋ. ಹಗ್ಗ ಕಂಡ ಕುರಿ ತಾನೇ ಕತ್ತು ಚಾಚಿದಂತೆ ಆ ಹೆಂಗಸು ಗಂಟು ಕಟ್ಟುತ್ತಿದ್ದುದನ್ನು ನೋಡಲು ಅವನಿಂದ ಆಗಲಿಲ್ಲ.

“ಗಂಟು ಬಿಡು ಮಗಾ. ಅದು ದೇವ್ರ ಮಾತಲ್ಲ.”

“ಬಿತ್ತಲ್ಲಪ್ಪಾ.”

“ನೀರಾರ್ತು, ಬಿತ್ತು. ಅಷ್ಟೇಯ.”

ಜ್ವರ ಬಂದವನು ಬಡಬಡಿಸುತ್ತಿದ್ದಾನೆಂಬಂತೆ ಅವಳು ಅವನ ಮುಖ ನೋಡಿದಳು. ಸಣ್ಣಯ್ಯ ಹೊಸ್ತಿಲ ಮೇಲೆ ಕೂತ. ಪೂಜಾರಿ ಹೊಸ್ತಿಲ ಮೇಲೆ ಕೂರಬಾರದು, ಕೂತ.

“ಊವು ಬೀಳೋದು ನನ್ ಕೈಯಾಗೈತೆ. ಯಾವ್ದು ಬೀಳ್ಬಾರ್ದೋ ಅದ್ಕೆ ಗಂಧ ಒರೆಸ್ತೀನಿ. ನಮ್ಮಪ್ಪ ಏಳ್ಕೊಟ್ಟಿದ್ದು. ಇವತ್ತು ಒರೆಸ್ನಿಲ್ಲ. ಇಷ್ಟು ವರ್ಸದಾಗೆ ಒರೆಸ್ದೆ ಬಿಟ್ಟಿದ್ದು ಇವತ್ತೊಂದೇ ದಿನ.”

ಅಂಜಮ್ಮನ ಕೈ ಗಂಟಿನ ಮೇಲೆ ಹಾಗೇ ನಿಂತಿತು.

“ನನ್ ಮದ್ವೆ ಊವು?”

“ಒರೆಸಿದ್ದೆ.”

“ಯಾವ ಕಡೀಕೆ?”

“ಎಡಕ್ಕೆ. ಬಲಗಡೇದು ಬೀಳ್ಲಿ ಅಂತ.”

“ದಾಸಪ್ಪ ಎಂಥೋನು ಅಂತ ಯಾರ್ನಾದ್ರೂ ಕೇಳಿದ್ಯಾ?”

“ಇಲ್ಲ.”

“ಕುಪ್ಪಮ್ಮನ ಮಗಳಿಗೆ ಗಂಡು ನೋಡೋವಾಗ ಎಡಪ್ಪಾಡಿ ತನ್ಕ ಓಗಿದ್ದೆ ನೀನು. ಮಳೇಲಿ ನೆನ್ಕೊಂಡು ಬಂದಿದ್ದೆ. ಅವ್ವ ಬೈದಿದ್ಳು.”

ಮಗಳು ಎದ್ದು ಬಂದು ಉಗಿಯಲಿ, ಮಣ್ಣು ತೂರಲಿ, ನಿನ್ನ ಕೈ ಸೇದಿಹೋಗಲಿ ಎನ್ನಲಿ ಎಂದು ಸಣ್ಣಯ್ಯ ಕಾದ. ಅವಳು ತುರುಬಿನಿಂದ ಹೂವನ್ನು ತೆಗೆದು ಕೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು.

“ಇಪ್ಪತ್ತೆರಡು ವರ್ಸ ನಾನು ಅವ್ನನ್ನ ಬೈದೀನಪ್ಪ. ಮಂದೇಲಿ ಒಬ್ಳೇ ಕೂತು, ನಿನ್ ಗುಡಿ ಆಳಾಗ, ನಿನ್ಗೆ ಕಣ್ಣಿಲ್ವಾ ಅಂತ ಬಾಯಿಗೆ ಬಂದಂಗೆ ಬೈದೀನಿ. ಆಮೇಲೆ ಎದ್ರಿಕೆಯಾಗಿ ನೆಲಕ್ಕೆ ಅಣೆ ಅಚ್ಚಿ ತಪ್ಪಾಯ್ತು ಅಂದೀನಿ. ಅವ್ನು ಏನೂ ಮಾಡೇ ಇರ್ನಿಲ್ಲ. ಪಾಪ” ಎಂದಳು.

ತನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಸಣ್ಣಯ್ಯನಿಗೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ಒಬ್ಬ, ಉಂಡವಳು ಇನ್ನೊಬ್ಬಳು, ಬೈಸಿಕೊಂಡವನು ಮತ್ತೊಬ್ಬ.

“ಇಲ್ಲೇ ಇರು ಮಗಾ. ನಾನ್ ಏಳ್ತೀನಿ ಕೇಳು, ಯಾರೇನಂದ್ರೂ ಸರಿ, ಇಲ್ಲೇ ಇರು.”

“ನೀನ್ ಏಳ್ಬೇಡ. ಈಗ ನಾನೇ ಯೋಚ್ನೆ ಮಾಡ್ಬೇಕು. ನನ್ಗೆ ಅದು ರೂಢಿಯಿಲ್ಲ, ಒಂಚೂರು ಒತ್ತು ಬೇಕು” ಎಂದು ಅವಳು ಅತ್ತ ತಿರುಗಿ ಕೂತಳು.

ಊಟದ ಹೊತ್ತು ಮೀರಿ ನಾರಪ್ಪನ ಗಾಡಿ ಬಂತು. ಜೊತೆಗೆ ಆರು ಜನ, ಹಾರೆ, ಮಿಣಿಹಗ್ಗ, ಹೊಸ ಕರಿಕಂಬಳಿ. ನಾರಪ್ಪನಿಗೂ ವಯಸ್ಸಾಗಿತ್ತು, ಅಂಜಮ್ಮನನ್ನು ಕಂಡು “ಯಾವಾಗ ಬಂದ್ಯವ್ವಾ, ದಾಸಪ್ಪ ಚೆನ್ನಾಗವ್ನಾ?” ಎಂದ. ಚೆನ್ನಾಗವ್ನೆ ಎಂದಳು. ಅವನು ಗುಡಿಯ ಮುಂದೆ ಬಂದು ಚಪ್ಪಲಿ ಬಿಟ್ಟು ನಿಂತ.

“ಪೂಜಾರಿ, ಎಬ್ಬಿಸೋಕೆ ಮುಂಚೆ ಇನ್ನೊಂದು ಊವು ಕೇಳ್ಬುಡು. ಮನ್ಸಿಗೆ ಸಮಾಧಾನ.”

“ಇನ್ಮ್ಯಾಕೆ ಊವಿಲ್ಲ ಎಜಮಾನ್ರೇ. ನನ್ ಕೈ ಮುಗೀತು. ಎತ್ತಬೇಕು ಅನ್ಸಿದ್ರೆ ಎತ್ರಿ” ಎಂದ ಸಣ್ಣಯ್ಯ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾರೆ ಹಿಡಿದವನು ಅದನ್ನು ಮೆಲ್ಲಗೆ ನೆಲಕ್ಕಿಟ್ಟ. ನಾರಪ್ಪ ಗಂಟಲು ಸರಿಮಾಡಿಕೊಂಡು ಆಕಾಶ ನೋಡಿದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹೂವಿಲ್ಲದೆ ಒಂದು ಕಲ್ಲನ್ನು ಎತ್ತಿ ಗೊತ್ತಿದ್ದವನು ಆ ಆರು ಜನರಲ್ಲಿ ಒಬ್ಬನೂ ಇರಲಿಲ್ಲ. ಅವರನ್ನು ಹಾಗೆ ಮಾಡಿಟ್ಟವನು ತಾನೇ ಎಂದು ಸಣ್ಣಯ್ಯನಿಗೆ ಗೊತ್ತಾಯಿತು. ಎತ್ತುಗಳು ಬಾಲ ಬೀಸುತ್ತ ನಿಂತಿದ್ದವು, ಹೊತ್ತು ಜಾರುತ್ತಿತ್ತು.

“ನೀರು ಬರ್ತೈತೆ” ಎಂದಳು ಅಂಜಮ್ಮ, ಕೂತಲ್ಲಿಂದಲೇ. “ಎತ್ರಿ.”

ಯಾರೋ ಹೇಳಿದರಲ್ಲ ಎಂಬ ಸಮಾಧಾನದಲ್ಲಿ ಅವರು ಹಾರೆ ಹಿಡಿದರು. ಕಲ್ಲು ನೆಲದೊಳಗೆ ಎಷ್ಟಿದೆಯೋ ಎಂದು ಹೆದರಿದ್ದರು. ಒಂದು ಮೊಳವೂ ಇರಲಿಲ್ಲ. ಕಂಬಳಿಯಲ್ಲಿ ಸುತ್ತಿ ಗಾಡಿಗೆ ಏರಿಸಿದರು. ಗಾಡಿ ಹೊರಡುವ ಹೊತ್ತಿಗೆ ಅಂಜಮ್ಮ ಗಂಟನ್ನು ತಲೆಗೇರಿಸಿಕೊಂಡು ಅಪ್ಪನ ಹತ್ತಿರ ಬಂದಳು.

“ಕಂಬೈನಲ್ಲೂರಿಗೆ ಓಗ್ತೀನಿ. ಅವ್ವ ಬಳುವಳಿ ಕೊಟ್ಟ ಕುರೀದು ಮರಿ ಮರಿಯಾಗಿ ಈಗ ಹದಿನಾಲ್ಕು ಅವೆ. ಅವು ನನ್ವು. ಅವನ್ನ ಒಡ್ಕೊಂಡು ಒರಡ್ತೀನಿ.”

“ಎಲ್ಲಿಗೆ ಮಗಾ? ಇಲ್ಲಿಗೆ ಬತ್ತೀಯಾ?”

“ಗೊತ್ತಿಲ್ಲ. ಒರಟ ಮ್ಯಾಲೆ ಗೊತ್ತಾಯ್ತದೆ.” ಎರಡು ಹೆಜ್ಜೆ ಹೋದವಳು ನಿಂತಳು. “ನನ್ ಎಸ್ರಲ್ಲಿ ಊವು ಮಾತ್ರ ಕೇಳ್ಬೇಡಪ್ಪ.”

ಸಣ್ಣಯ್ಯ ತಲೆಯಾಡಿಸಿದ. ಅವಳು ಹೊಳೆಯ ದಾರಿ ಹಿಡಿದಳು, ಗಾಡಿ ಗುಡ್ಡದ ದಾರಿ ಹಿಡಿಯಿತು. ಮುಂದೆ ಕಂಬಳಿಯೊಳಗೆ ಬೀರಪ್ಪ ಕುಲುಕುತ್ತ ಹೋಗುತ್ತಿದ್ದ. ಸಣ್ಣಯ್ಯ ಗಾಡಿಯ ಹಿಂದಿನ ಕಟ್ಟು ಹಿಡಿದು ಕಾಲೆಳೆಯುತ್ತ ಹತ್ತಿದ. ಮಗಳು ಬರುತ್ತಾಳೋ ಇಲ್ಲವೋ ಎಂಬ ಒಂದೇ ಮಾತು ಅವನ ತಲೆಯಲ್ಲಿತ್ತು, ಅದನ್ನು ಕೇಳಲು ಅವನಿಗೆ ಯಾರೂ ಇರಲಿಲ್ಲ.